ಮಣ್ಣಿನ ಮೇಲೆ ಬರೆದ ಮನೆ ಮಾತು

ಯಜಮಾನರು ವ್ಯಾಪಾರಕ್ಕೆಂದು ದೂರದೂರಿಗೆ ಹೋಗಿದ್ದಾರೆ. ಇತ್ತ ಮನೆಯಲ್ಲಿ ಕಾಳಿಲ್ಲ, ಊರಿಗೆ ಊರೇ ಬರಗಾಲ. ಅವರಿಂದ ಓಲೆಯೇನೋ ಬಂತು. ಆದರೆ ಅದರಲ್ಲಿ, ಹೆಂಡತಿ ದುಂದು ಮಾಡುತ್ತಾಳೆಂಬ ಆಕ್ಷೇಪ! ಓದಿದ ಹೆಂಡತಿಗೆ ಹೇಗಾಗಿರಬೇಡ, ನೀವೇ ಹೇಳಿ. ಆಕೆ ಸುಮ್ಮನೆ ಕೂರಲಿಲ್ಲ. ಹೋಗುವಾಗ ಇದ್ದ ಬೆಳ್ಳಿಯನ್ನೆಲ್ಲ ನೀವೇ ಕಟ್ಟಿಕೊಂಡು ಹೋದಿರಿ, ಬರಿದಾದ ಮನೆಯಲ್ಲಿ ನಾನು ದುಂದು ಮಾಡುವುದಾದರೂ ಏನನ್ನು ಎಂದು ಖಾರವಾಗಿಯೇ ಉತ್ತರ ಕಳಿಸಿದಳು.

ಇದು ಶಹಾಪುರದ ಯಾವುದೋ ಓಣಿಯ ಮಾತು, ಇಲ್ಲವೇ ಖಾನಾಪುರದ ಕಡೆಯ ಹಳ್ಳಿಯ ಮಾತು ಅಂದುಕೊಂಡಿರಾ? ಅಲ್ಲವೇ ಅಲ್ಲ. ಆ ಹೆಣ್ಣುಮಗಳ ಹೆಸರು ತಾರಾಮ್-ಕೂಬಿ. ಗಂಡ ಇನ್ನಾಯಾ. ಊರು ಮೆಸೊಪೊಟೇಮಿಯದ ಅಶ್ಶೂರ. ಕಾಲ, ಈಗ್ಗೆ ಸುಮಾರು 3,900 ವರ್ಷಗಳ ಹಿಂದೆ!

ಮುಂದೆ ಅಸ್ಸೀರಿಯಾ ಎಂಬ ದೊಡ್ಡ ಸಾಮ್ರಾಜ್ಯಕ್ಕೆ ಹೆಸರು ಕೊಟ್ಟದ್ದು ಈ ಅಶ್ಶೂರವೇ. ಇಂದಿನ ಇರಾಕಿನಲ್ಲಿ, ಟೈಗ್ರಿಸ್ ನದಿಯ ದಂಡೆಯ ಮೇಲೆ ಅದರ ದಿಬ್ಬ ಇದೆ. ಅಲ್ಲಿಯ ಜನ ಅದನ್ನು ಕಲಾತ್ ಶರ್ಕತ್ ಎನ್ನುತ್ತಾರೆ. ಬೆಳಗಾವಿಯ ಕ್ಯಾಂಪಿನಲ್ಲಿ ಮರಾಠಾ ಲೈಟ್ ಇನ್ಫೆಂಟ್ರಿಯವರನ್ನು ಕೇಳಿ ನೋಡಿ, ಶರ್ಕತ್ ಎಂಬ ಹೆಸರು ಅವರ ಯುದ್ಧಗೌರವಗಳ ಪಟ್ಟಿಯಲ್ಲಿದೆ. 1918ರ ಅಕ್ಟೋಬರ್ ಕೊನೆಯಲ್ಲಿ 114ನೇ ಮರಾಠಾ ಪಲ್ಟನ್ ತುರ್ಕಿಯವರೊಡನೆ ಸೆಣಸಿದ್ದು ಇದೇ ಶರ್ಕತ್ತಿನ ಸುತ್ತಮುತ್ತ. ಅಕ್ಟೋಬರ್ 30ಕ್ಕೆ ತುರ್ಕಿ ಸೇನೆ ಶರಣಾಯಿತು. 1922ರಲ್ಲಿ ಮರಾಠಾ ಪಲ್ಟನ್‌ಗಳನ್ನೆಲ್ಲ ಒಂದುಗೂಡಿಸಿದಾಗ ಈ 114ನೆಯದೇ ತರಬೇತಿ ಪಲ್ಟನ್ ಆಗಿ ಬೆಳಗಾವಿಯಲ್ಲಿ ನೆಲೆಯೂರಿತು. ನೋಡಿ, ಎಲ್ಲಿಯ ಅಶ್ಶೂರ, ಎಲ್ಲಿಯ ಬೆಳಗಾವಿ!

ನನ್ನ ತವರು ಖಾನಾಪುರ ತಾಲ್ಲೂಕು. ನಮ್ಮ ಆಯಿಯ ದೊಡ್ಡಪ್ಪನೂ ಆ ಲಡಾಯಿಗೆ ಹೋದವರೇ. "ಬಸರಾಕ್ಕ ಹ್ವಾದ್ರು, ತಿರುಗಿ ಬರಲೇ ಇಲ್ಲವ್ವಾ" ಎಂದು ಆಯಿ ಹೇಳುತ್ತಿದ್ದರು. ಆ ಮಾತಿಗೆ ಮತ್ತೆ ಬರುತ್ತೇನೆ. ಮೊದಲು ಅಶ್ಶೂರದ ಹೆಂಗಸರ ಕಥೆ ಕೇಳಿ.

ಅಶ್ಶೂರ ಆಗ ಸಾಮ್ರಾಜ್ಯವಾಗಿರಲಿಲ್ಲ, ವ್ಯಾಪಾರಿಗಳ ಊರಾಗಿತ್ತು. ಗಂಡಸರು ಕತ್ತೆಗಳ ಮೇಲೆ ತವರ ಮತ್ತು ಬಟ್ಟೆ ಹೇರಿಕೊಂಡು ಇಂದಿನ ತುರ್ಕಿಯಲ್ಲಿರುವ ಕಾನೇಶ್ ಎಂಬ ಪೇಟೆಗೆ ಹೋಗುತ್ತಿದ್ದರು. ಸಾವಿರ ಕಿಲೋಮೀಟರಿನಷ್ಟು ದಾರಿ, ಸುಮಾರು ಆರು ವಾರದ ಪಯಣ. ಹೋದವರು ವರ್ಷಗಟ್ಟಲೆ ಅಲ್ಲೇ ಉಳಿಯುವುದೂ ಉಂಟು. ಬಟ್ಟೆ ನೇಯುವ, ನೇಯಿಸುವ ಕೆಲಸ ಮಾತ್ರ ಮನೆಯಲ್ಲಿದ್ದ ಹೆಂಗಸರದು. ಹೀಗಾಗಿ ಓಲೆಗಳು ಓಡಾಡಿದವು. ಹಸಿ ಮಣ್ಣಿನ ಅಂಗೈಯಗಲದ ಬಿಲ್ಲೆ, ಅದರ ಮೇಲೆ ಕಡ್ಡಿಯಿಂದ ಒತ್ತಿದ ಬೆಣೆಯಾಕಾರದ ಅಕ್ಷರ, ಮೇಲೊಂದು ಮಣ್ಣಿನದೇ ಲಕೋಟೆ, ಅದರ ಮೇಲೆ ಕಳಿಸಿದವರ ಮುದ್ರೆ. ಕಾನೇಶಿನ ದಿಬ್ಬದಲ್ಲಿ ಇಂಥ ಬಿಲ್ಲೆಗಳು ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಲಕೋಟೆ ಒಡೆಯದೆಯೇ ಉಳಿದವೂ ಅವುಗಳಲ್ಲಿವೆ.

ನನಗೆ ಎಲ್ಲರಿಗಿಂತ ಹಿಡಿಸಿದವಳು ಲಮಸ್ಸಿ. ಗಂಡ ಪೂಶು-ಕೇನ್ ದೊಡ್ಡ ವ್ಯಾಪಾರಿ. ಈಕೆ ಕಳಿಸಿದ ಬಟ್ಟೆ ಸರಿಯಿಲ್ಲ ಎಂದು ಅಲ್ಲಿಂದ ದೂರು ಬಂತು. ಲಮಸ್ಸಿ ಬಿಟ್ಟಾಳೆಯೇ? ನಿಮ್ಮ ಮನೆಯಲ್ಲಿ ಕೂತು ನನ್ನ ಬಟ್ಟೆಗೆ ಹೆಸರಿಡುವ ಆ ಮಹಾನುಭಾವ ಯಾರು ಎಂದು ಕೇಳಿದಳು. ಪ್ರತಿ ಸಲ ಕಳಿಸಿದ್ದರಿಂದ ಹತ್ತು ಶೆಕೆಲ್ ಬೆಳ್ಳಿಯಾದರೂ, ಅಂದರೆ ಸುಮಾರು ಏಳು ತೊಲೆ, ಮನೆಗೆ ಬರಲೆಂದು ನಾನಿಲ್ಲಿ ದುಡಿಯುತ್ತಿದ್ದೇನೆ ಎಂದು ಲೆಕ್ಕವನ್ನೂ ಒಪ್ಪಿಸಿದಳು. ಇನ್ನೊಂದು ಓಲೆಯಲ್ಲಿ, ನೀವು ಹೋದ ಮೇಲೆ ಶಾಲಿಮ್-ಅಹುಮನವರು ದೊಡ್ಡ ಮನೆ ಕಟ್ಟಿಸಿದರು, ನಾವು ಕಟ್ಟಿಸುವುದು ಯಾವಾಗ ಎಂಬ ಪ್ರಶ್ನೆ! ಪಕ್ಕದ ಮನೆಯ ಮಾಳಿಗೆ ನೋಡಿ ಹೊಟ್ಟೆ ಉರಿಯುವುದು ಎಷ್ಟು ಹಳೆಯ ರೋಗ ನೋಡಿ.

ಪುಝುರ್-ಅಶ್ಶೂರ್ ಎಂಬಾತ ವಕ್ಕುರ್ತುಮ್ ಎಂಬಾಕೆಗೆ ಬರೆದದ್ದಂತೂ ನಮ್ಮ ವಡಗಾವಿಯ ನೇಕಾರರಿಗೆ ಪೇಟೆಯ ಸಾಹುಕಾರ ಹೇಳಿದ ಹಾಗೇ ಇದೆ. ಬಟ್ಟೆ ತೆಳುವಾಗಿರಬೇಕು, ಉಣ್ಣೆ ಮಾತ್ರ ಇನ್ನೊಂದಿಷ್ಟು ಹೆಚ್ಚು ಹಾಕಬೇಕು, ಒಂದು ಮಗ್ಗುಲು ಬಾಚಿರಬೇಕು, ಉದ್ದ ಒಂಬತ್ತು ಮೊಳ, ಅಗಲ ಎಂಟು ಮೊಳ ಇರಬೇಕು. ಆಗದಿದ್ದರೆ ಅಲ್ಲೇ ಪೇಟೆಯಲ್ಲಿ ಕೊಂಡು ಕಳಿಸು ಎಂಬ ಚುಚ್ಚುಮಾತು ಬೇರೆ. ನಾನು ಇದನ್ನು ವಡಗಾವಿಯಲ್ಲಿ ಮಗ್ಗದ ಮನೆಯೊಂದರಲ್ಲಿ ಹೇಳಿದೆ. ಅಲ್ಲಿಯ ಅಕ್ಕ ನಕ್ಕು, "ಹೌದ್ರೀ, ನೂಲು ಹೆಚ್ಚ ಬೇಕಂತ, ರೊಕ್ಕ ಮಾತ್ರ ಅಷ್ಟs ಅಂತ!" ಎಂದರು.

ಮದುವೆಯ ಕರಾರುಗಳೂ ಸಿಕ್ಕಿವೆ. ದೂರದೂರಿನಲ್ಲಿ ಇನ್ನೊಂದು ಸಂಸಾರ ಹೂಡುವ ಗಂಡಸರು ಆಗಲೂ ಇದ್ದರು. ಲಾಕಿಪುಮ್ ಎಂಬಾತ ಹತಾಲಾ ಎಂಬ ಕಾನೇಶಿನ ಕಡೆಯ ಹೆಣ್ಣನ್ನು ಕೈಹಿಡಿದಾಗ, ಆ ಸೀಮೆಯಲ್ಲಿ ಮತ್ತೊಬ್ಬಳನ್ನು ಮದುವೆಯಾಗುವಂತಿಲ್ಲ ಎಂದು ಬರೆಸಿದ್ದಾರೆ. ಬಿಟ್ಟುಹೋದರೆ ಐದು ಮಿನಾ ಬೆಳ್ಳಿ ದಂಡ. ಗಂಡ ಬಿಟ್ಟರೂ ಅಷ್ಟೇ, ಹೆಂಡತಿ ಬಿಟ್ಟರೂ ಅಷ್ಟೇ! ಆದರೆ ಎರಡು ವರ್ಷದಲ್ಲಿ ಮಗುವಾಗದಿದ್ದರೆ ಹೆಂಡತಿಯೇ ಒಬ್ಬ ದಾಸಿಯನ್ನು ಕೊಂಡು ತರಬೇಕು ಎಂಬ ಮಾತೂ ಅದರಲ್ಲಿದೆ. ಆದ್ದರಿಂದ ಎಲ್ಲವೂ ಸ್ವರ್ಗವಾಗಿತ್ತು ಎಂದು ಭ್ರಮಿಸುವುದು ಬೇಡ.

ಇಷ್ಟೆಲ್ಲ ಉಳಿದದ್ದಾದರೂ ಹೇಗೆ? ಮಣ್ಣಿನಿಂದ. ಖಾನಾಪುರದವರಿಗೆ ಮಣ್ಣಿನ ಗುಣ ಹೇಳಿಕೊಡಬೇಕಾಗಿಲ್ಲ. ಮಡಿಕೆ, ಹೆಂಚುಗಳಿಗೆ ಹೆಸರಾದ ಊರು ಅದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲಿಯೇ ಇದೆ. ಹಸಿ ಮಡಿಕೆಗೆ ನೀರು ಬಿದ್ದರೆ ಮತ್ತೆ ಕೆಸರು, ಆವಿಗೆಯಲ್ಲಿ ಬೆಂದರೆ ಮಾತ್ರ ಗಟ್ಟಿ. ಈ ಓಲೆಗಳನ್ನು ಯಾರೂ ಬೇಯಿಸಿರಲಿಲ್ಲ, ಬರೀ ಒಣಗಿಸಿದ್ದರು. ಆದರೆ ಕ್ರಿ.ಪೂ. 1836ರ ಸುಮಾರಿಗೆ ಕಾನೇಶಿನ ಆ ಪೇಟೆಗೆ ಬೆಂಕಿ ಬಿತ್ತು. ಮನೆಗಳು ಸುಟ್ಟು ಬೂದಿಯಾದವು, ಒಳಗಿದ್ದ ಎಷ್ಟೋ ಓಲೆಗಳು ಬೆಂದು ಗಟ್ಟಿಯಾದವು!

ಮುಂದಿನ ಕಥೆಯನ್ನು ನೀವು ಶಾಲೆಯಲ್ಲಿ ಓದಿರುತ್ತೀರಿ. ಸಾವಿರ ವರ್ಷದ ಬಳಿಕ ಅದೇ ಅಶ್ಶೂರದ ಅರಸರು ಸುತ್ತಣ ರಾಜ್ಯಗಳನ್ನೆಲ್ಲ ತುಳಿದರು. ಅಸುರ್‌ಬನಿಪಾಲ ನಿನೆವೆಯಲ್ಲಿ ಮಣ್ಣಿನ ಪುಸ್ತಕಗಳ ಭಂಡಾರ ಕಟ್ಟಿದ, ಅದರ ಮೂವತ್ತು ಸಾವಿರದಷ್ಟು ತುಂಡುಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕ್ರಿ.ಪೂ. 614ರಲ್ಲಿ ಅಶ್ಶೂರ, 612ರಲ್ಲಿ ನಿನೆವೆ ಬಿದ್ದವು. ಒಡವೆ ಇಷ್ಟಪಡುವವರಿಗೆ ಒಂದು ಮಾತು: 1988ರಿಂದೀಚೆಗೆ ನಿಮ್ರೂದಿನಲ್ಲಿ ರಾಣಿಯರ ಗೋರಿಗಳು ಸಿಕ್ಕವು. ಬಂಗಾರದ ಕಿರೀಟ, ಓಲೆ, ಕಡಗಗಳ ರಾಶಿ! ಅದೇ ನಿಮ್ರೂದಿನ ಅರಮನೆಯನ್ನು 2015ರಲ್ಲಿ ಉಗ್ರರು ಸಿಡಿಸಿ ಹಾಕಿದರು. ಅರಸರ ಶಾಸನಗಳನ್ನು ಮಾತ್ರ ನನ್ನಿಂದ ಬಹಳ ಹೊತ್ತು ಓದಲಾಗಲಿಲ್ಲ. ಕೊಂದೆ, ಸುಟ್ಟೆ, ದೋಚಿದೆ, ಇಷ್ಟೇ. ಅದಕ್ಕಿಂತ ಲಮಸ್ಸಿಯ ಜಗಳವೇ ಮೇಲು.

ಈಗ ಆಯಿಯ ಮಾತಿಗೆ ಬರೋಣ. 1915ರ ನವೆಂಬರಿನಲ್ಲಿ ಬಾಗ್ದಾದಿನ ಸಮೀಪ ಟೆಸಿಫೋನ್ ಎಂಬಲ್ಲಿ, ಪ್ರಾಚೀನ ಅರಮನೆಯ ಭಾರಿ ಕಮಾನಿನ ಸುತ್ತ ದೊಡ್ಡ ಕಾಳಗವಾಯಿತು. 103, 110, 117ನೇ ಮರಾಠಾ ಪಲ್ಟನ್‌ಗಳು ಅಲ್ಲಿದ್ದವು. ಹಿಂದೆ ಸರಿದ ಸೇನೆ ಕುತ್ ಎಂಬ ಊರಿನಲ್ಲಿ ಮುತ್ತಿಗೆಗೆ ಸಿಕ್ಕಿತು. ಹಸಿವು, ರೋಗ. 1916ರ ಏಪ್ರಿಲ್ 29ರಂದು ಶರಣಾದಾಗ ಸೆರೆಯಾದವರು ಸುಮಾರು ಹದಿಮೂರು ಸಾವಿರ, ಹೆಚ್ಚಿನವರು ನಮ್ಮ ದೇಶದವರು. ಸೆರೆಯಲ್ಲಿ ಸಾವಿರಾರು ಜನ ಸತ್ತರು. ನಮ್ಮ ಆಯಿಯ ದೊಡ್ಡಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಶಾನಭೋಗರ ಕೈಯಲ್ಲಿ ಕಾಗದ ಬರೆಸುತ್ತಿದ್ದರಂತೆ. ಬಂದ ಕಾಗದಗಳೂ ಟ್ರಂಕಿನಲ್ಲಿದ್ದವಂತೆ, ಗೆದ್ದಲು ತಿಂದವು. ಖಾನಾಪುರದ ಮಳೆಯಲ್ಲಿ ಕಾಗದ ಎಷ್ಟು ದಿನ ಉಳಿದೀತು?

ಮೆಸೊಪೊಟೇಮಿಯದಲ್ಲಿ ಮಡಿದು ಗೋರಿಯ ಗುರುತಿಲ್ಲದವರಿಗೆಂದು 1929ರಲ್ಲಿ ಬಸ್ರಾದಲ್ಲಿ ಸ್ಮಾರಕ ಕಟ್ಟಿದರು. 1997ರಲ್ಲಿ ಅದನ್ನು ಅಲ್ಲಿಂದ ಕಿತ್ತು ನಾಸಿರಿಯಾ ದಾರಿಯ ಮರುಭೂಮಿಯಲ್ಲಿ ನಿಲ್ಲಿಸಿದ್ದಾರೆ. ಅದರ ಗೋಡೆಯ ಮೇಲೆ ಬಿಳಿಯ ಸಿಪಾಯಿಗಳ ಹೆಸರುಗಳಿವೆ, ನಮ್ಮವರಲ್ಲಿ ಅಧಿಕಾರಿಗಳ ಹೆಸರುಗಳಿವೆ. ನಮ್ಮ ಸಾಮಾನ್ಯ ಸಿಪಾಯಿಗಳಿಗೆ? ಪಲ್ಟನ್ನಿನ ಹೆಸರು, ಅದರ ಕೆಳಗೆ ಇಂತಿಷ್ಟು ಜನ ಎಂಬ ಅಂಕಿ! ಸ್ಮಾರಕ ನೋಡಿಕೊಳ್ಳುವ ಆಯೋಗವೇ 2021ರಲ್ಲಿ ಈ ಭೇದವನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ಬರಗಾಲದಲ್ಲಿ ಗಂಡನನ್ನು ಬೈದ ತಾರಾಮ್-ಕೂಬಿಯ ಹೆಸರು ನಮಗೆ ಗೊತ್ತು. ನೂರು ವರ್ಷದ ಹಿಂದೆ ಅದೇ ನೆಲದಲ್ಲಿ ಮಣ್ಣಾದ ನಮ್ಮ ಮನೆಯವನ ಹೆಸರು ಗೋಡೆಯ ಮೇಲಿಲ್ಲ.

ಸೋದರಿಯರೇ, ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಆ ಲಡಾಯಿಯ ಬೆಳ್ಳಿಯ ಬಿಲ್ಲೆ, ಅಂದರೆ ಮೆಡಲ್, ಇದ್ದರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಅಕ್ಷರ ಸವೆಯುತ್ತದೆ. ಹಳೆಯ ಕಾಗದ ಸಿಕ್ಕರೆ ಅಂಟುಪಟ್ಟಿ ಹಚ್ಚಬೇಡಿ. ಹತ್ತಿಯ ಬಟ್ಟೆಯಲ್ಲಿ ಸುತ್ತಿ ಒಣಗಿದ ಜಾಗದಲ್ಲಿಡಿ, ಒಂದು ಪ್ರತಿ ತೆಗೆಸಿಡಿ. ಮೆಡಲನ್ನು ಬೆಳಕಿಗೆ ಹಿಡಿದು ಅದರ ಅಂಚನ್ನು ಓದಿ. ನಂಬರು, ಹೆಸರು, ಪಲ್ಟನ್ ಮೂರನ್ನೂ ಅಲ್ಲಿ ಒತ್ತಿರುತ್ತಾರೆ. ನಮ್ಮ ಆಯಿಯ ಮನೆಯಲ್ಲೂ ಅಂಥದೊಂದಿತ್ತು. ನನಗೆ ಐದು ವರ್ಷವಾದಾಗ ಅದನ್ನು ಕರಗಿಸಿ ಕಾಲ್ಗೆಜ್ಜೆ ಮಾಡಿಸಿದರು. ಅಂಚಿನ ಮೇಲೆ ಏನೋ ಬರೆದಿತ್ತು ಎಂದು ಆಯಿಗೆ ನೆನಪಿತ್ತು, ಇಂಗ್ಲಿಷ್ ಓದುವವರು ಮನೆಯಲ್ಲಿ ಯಾರೂ ಇರಲಿಲ್ಲ. ಗೆಜ್ಜೆ ಈಗ ನನ್ನ ಮಗಳ ಹತ್ತಿರ ಇವೆ.