ಕಾರ್ಬುರೇಟರಿನ ಜೆಟ್ಟು: ಅಂಕೆಗಳ ಅರ್ಥವೇನು?

ವೇದಸಂದೂರಿನ ಬೀದಿಗಳಲ್ಲಿ ಹೊರೆ ಹೊತ್ತು ಓಡುವ ಹಳೆಯ ಮೊಪೆಡ್‌ಗಳನ್ನೂ ಬುಲೆಟ್‌ಗಳನ್ನೂ ನೀವೆಲ್ಲ ನೋಡಿದ್ದೀರಿ. ಎಷ್ಟೋ ಮನೆಗಳ ಸಂಪಾದನೆ ಇಂಥ ಗಾಡಿಗಳನ್ನೇ ನಂಬಿಕೊಂಡಿದೆ. 2020ರ ಏಪ್ರಿಲ್ 1ರಂದು ಹೊಸ ಹೊಗೆ ನಿಯಮಗಳು ಜಾರಿಗೆ ಬಂದ ಮೇಲೆ ಹೆಚ್ಚಿನ ಹೊಸ ಗಾಡಿಗಳಿಗೆ ಕಾರ್ಬುರೇಟರ್ ಇಲ್ಲ. ಆದರೆ ಹಳೆಯ ಗಾಡಿಗಳು ಇನ್ನೂ ಅದರಿಂದಲೇ ನಡೆಯುತ್ತಿವೆ.

ಪೆಟ್ರೋಲ್ ಉರಿಯಬೇಕಾದರೆ ಗಾಳಿ ಬೇಕು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಅವಶ್ಯಕ. ಇವೆರಡನ್ನೂ ಬೆರೆಸಿ ಎಂಜಿನ್ನಿಗೆ ಒದಗಿಸುವುದೇ ಕಾರ್ಬುರೇಟರಿನ ಕೆಲಸ. ಅದರೊಳಗಿನ ಇಕ್ಕಟ್ಟಾದ ಕೊಳವೆಯಲ್ಲಿ ಗಾಳಿ ವೇಗವಾಗಿ ನುಗ್ಗುವಾಗ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಆಗ ಕೆಳಗಿನ ಬಟ್ಟಲಿನಿಂದ ಪೆಟ್ರೋಲ್ ಮೇಲೇರುತ್ತದೆ. ಅದು ಹಾದುಬರುವ ಹಿತ್ತಾಳೆಯ ಸಣ್ಣ ತೂತಿನ ತುಂಡೇ ಜೆಟ್. ಗಾಡಿ ನಿಂತಲ್ಲೇ ಓಡುತ್ತಿರುವಾಗ ಪೈಲಟ್ ಜೆಟ್ಟೂ, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದಾಗ ಮೇನ್ ಜೆಟ್ಟೂ ಮುಖ್ಯವಾಗುತ್ತವೆ.

ಜೆಟ್ಟಿನ ಮೇಲೆ ಒಂದು ಅಂಕೆ ಕೊರೆದಿರುತ್ತದೆ. ಅದರ ಅರ್ಥ ಎಲ್ಲ ಕಂಪೆನಿಗಳಲ್ಲೂ ಒಂದೇ ಅಲ್ಲ. ಕೈಹಿನ್ ಕಂಪೆನಿಯ ಮೇನ್ ಜೆಟ್ಟಿನಲ್ಲಿ ಅಂಕೆಯು ತೂತಿನ ವ್ಯಾಸವನ್ನು ಹೇಳುತ್ತದೆ: 100 ಎಂದರೆ 1.00 ಮಿಲಿಮೀಟರ್. ಮಿಕುನಿಯ ಷಟ್ಕೋನ ತಲೆಯ ಮೇನ್ ಜೆಟ್ಟಿನಲ್ಲಿ ಅಂಕೆಯು ಹರಿವಿನ ಪ್ರಮಾಣವನ್ನು ಸೂಚಿಸುತ್ತದೆ. ಹಳೆಯ ಬ್ರಿಟಿಷ್ ಗಾಡಿಗಳ ಅಮಲ್ ಕಾರ್ಬುರೇಟರಿನಲ್ಲೂ ಹರಿವಿನದೇ ಲೆಕ್ಕ. ಆದುದರಿಂದ ಅಂಕೆ ಒಂದೇ ಎಂದು ಒಂದು ಕಂಪೆನಿಯ ಜೆಟ್ಟನ್ನು ಇನ್ನೊಂದಕ್ಕೆ ಸಮವೆಂದು ತಿಳಿಯಬಾರದು.

ಇಲ್ಲಿ ನಿಮ್ಮ ಗಣಿತವೂ ಉಪಯೋಗಕ್ಕೆ ಬರುತ್ತದೆ. 100ರ ಬದಲು 95ರ ಕೈಹಿನ್ ಜೆಟ್ ಹಾಕಿದರೆ ವ್ಯಾಸ ನೂರಕ್ಕೆ ಐದು ಭಾಗ ಕಡಿಮೆ. ಆದರೆ ವೃತ್ತದ ವಿಸ್ತೀರ್ಣ ವ್ಯಾಸದ ವರ್ಗವನ್ನು ಅನುಸರಿಸುವುದರಿಂದ ತೂತಿನ ವಿಸ್ತೀರ್ಣ 0.785ರಿಂದ 0.709 ಚದರ ಮಿಲಿಮೀಟರಿಗೆ, ಅಂದರೆ ನೂರಕ್ಕೆ ಸುಮಾರು ಹತ್ತು ಭಾಗ ಇಳಿಯುತ್ತದೆ!

ಇನ್ನು ಎತ್ತರದ ವಿಷಯ. ನಮ್ಮ ಬಯಲಿನಿಂದ ವತ್ತಲಗುಂಡಿನ ಮೂಲಕ ಸುಮಾರು 2,100 ಮೀಟರ್ ಎತ್ತರದ ಕೊಡೈಕಾನಲ್‌ಗೆ ಹತ್ತಿದರೆ ಗಾಳಿಯ ಒತ್ತಡ ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಗಾಳಿ ತೆಳುವಾದಷ್ಟು ಪೆಟ್ರೋಲ್ ಕಡಿಮೆಯಾಗುವುದಿಲ್ಲ. ಆದ್ದರಿಂದ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿ ಗಾಡಿ ಕಪ್ಪು ಹೊಗೆ ಬಿಟ್ಟು ಸೊರಗುತ್ತದೆ. ಬೆಟ್ಟದ ಮೇಲೆಯೇ ಇರುವ ಗಾಡಿಗೆ ಸ್ವಲ್ಪ ಚಿಕ್ಕ ಜೆಟ್ ಹೊಂದುತ್ತದೆ. ಚಳಿಯ ಪರಿಣಾಮ ಇದಕ್ಕೆ ವಿರುದ್ಧ: ತಣ್ಣನೆಯ ಗಾಳಿ ದಟ್ಟವಾದುದರಿಂದ ದೊಡ್ಡ ಜೆಟ್ ಬೇಕಾಗುತ್ತದೆ. ಹಿಮದ ಮೇಲೆ ಓಡುವ ಸ್ನೋಮೊಬೈಲ್ ಎಂಬ ವಾಹನಗಳಲ್ಲಿ ಎತ್ತರ, ಚಳಿ ಎರಡನ್ನೂ ನೋಡಿಯೇ ಜೆಟ್ ಆರಿಸುತ್ತಿದ್ದರು. ಪೋಲಾರಿಸ್, ಸ್ಕೀ-ಡೂ ಕಂಪೆನಿಗಳ ಹಳೆಯ ಮಾದರಿಗಳಲ್ಲಿ ಮಿಕುನಿ ಕಾರ್ಬುರೇಟರುಗಳಿದ್ದವು.

ಮೈಲೇಜ್ ಹೆಚ್ಚಲೆಂದು ಬಯಲಿನಲ್ಲಿ ಚಿಕ್ಕ ಜೆಟ್ ಹಾಕಿಸುವವರುಂಟು. ಇದು ಅಪಾಯಕರ. ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ಅತಿಯಾಗಿ ಕಾಯುತ್ತದೆ. 1980ರಲ್ಲಿ ಹೊಸೂರಿನಿಂದ ಹೊರಬಂದ ಟಿವಿಎಸ್ 50ರಂಥ ಟು-ಸ್ಟ್ರೋಕ್ ಗಾಡಿಗಳಲ್ಲಿ ಪೆಟ್ರೋಲಿನ ಜೊತೆಯಲ್ಲೇ ಎಣ್ಣೆಯೂ ಬರುವುದರಿಂದ ಎಣ್ಣೆಯೂ ಸಾಲದೆ ಪಿಸ್ಟನ್ ಹಿಡಿದುಕೊಳ್ಳಬಹುದು. ಓಡುವಾಗಲೇ ಚಕ್ರ ನಿಂತರೆ ಸವಾರನ ಪ್ರಾಣಕ್ಕೇ ಕುತ್ತು. ಕೆಲವು ರೂಪಾಯಿ ಉಳಿಸಲು ಹೋಗಿ ಇಂಥ ನಷ್ಟ ತಂದುಕೊಳ್ಳಬೇಕೆ?

ಮಿಶ್ರಣವನ್ನು ಪರೀಕ್ಷಿಸಲು ಸ್ಪಾರ್ಕ್ ಪ್ಲಗ್ಗನ್ನು ನೋಡಿರಿ. ತುದಿ ಮಸಿಗಟ್ಟಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ, ತಿಳಿ ಕಂದಾಗಿದ್ದರೆ ಸರಿ. ಎಂಜಿನ್ ಆರಿದ ಮೇಲೆಯೇ ಪ್ಲಗ್ ಬಿಚ್ಚಬೇಕು. ಜೆಟ್ ಕಟ್ಟಿಕೊಂಡರೆ ತಂತಿ ತೂರಿಸಬಾರದು, ತೂತು ದೊಡ್ಡದಾದೀತು. ಗಾಳಿ ಊದಿ ಸ್ವಚ್ಛಗೊಳಿಸಬೇಕು. ಜೆಟ್ ಬದಲಿಸಬೇಕಾದರೆ ಗಾಡಿಯ ಕೈಪಿಡಿ ಹೇಳುವ ಅಂಕೆಯನ್ನೇ ಕೇಳಿ ಹಾಕಿಸಬೇಕೆಂದು ನಿಮ್ಮ ತಂದೆಯವರಿಗೂ ಅಣ್ಣಂದಿರಿಗೂ ತಿಳಿಸಿರಿ. ಶಾಲೆಯಲ್ಲಿ ಕಲಿತ ವಿಜ್ಞಾನ ಮನೆಗೆ ನೆರವಾದರೆ ಅದೇ ವಿದ್ಯೆಯ ಸಾರ್ಥಕತೆ.