ಸ್ಕೀ ತಳದ ಮೇಣ ಮತ್ತು ಕಣ್ಣಿಗೆ ಕಾಣದ ನೀರು

ಮನೆಯಲ್ಲೇ ಸ್ಕೀಗೆ ಮೇಣ ಹಾಕುವವರು ಮೊದಲು ತಿಳಿಯಬೇಕಾದದ್ದು, ಸ್ಕೀ ಹಿಮದ ಮೇಲೆ ಜಾರುವುದಾದರೂ ಏಕೆ ಎಂಬುದನ್ನು. ಮೈಭಾರಕ್ಕೆ ಹಿಮ ಕರಗುತ್ತದೆ ಎಂಬ ವಿವರಣೆ ಇವತ್ತಿಗೂ ಕೇಳಿಬರುತ್ತದೆ. ಆದರೆ ಉದ್ದನೆಯ ಹಲಗೆಯ ಮೇಲೆ ಹಂಚಿಹೋದ ಆ ಒತ್ತಡಕ್ಕೆ ಅಷ್ಟು ಶಕ್ತಿಯಿಲ್ಲ. ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾಯೋಕ್‌ನಲ್ಲಿ ಪ್ರಯೋಗ ನಡೆಸಿ, 1939ರಲ್ಲಿ ನಿಜವಾದ ಕಾರಣ ಮುಂದಿಟ್ಟರು: ತಿಕ್ಕಾಟದ ಬಿಸಿಗೆ ಹಿಮದ ಮೇಲ್ಮೈ ಕರಗಿ, ತೀರಾ ತೆಳುವಾದ ನೀರಿನ ಪೊರೆ ಮೂಡುತ್ತದೆ.

ಈ ನೀರು ಸಾಲದಿದ್ದರೆ ಹಿಮದ ಹರಳುಗಳು ತಳವನ್ನು ಕೆರೆಯುತ್ತವೆ. ಹೆಚ್ಚಾದರೆ, ಒದ್ದೆಯಾದ ಎರಡು ಗಾಜಿನ ಹಾಳೆಗಳಂತೆ ಸ್ಕೀ ಹಿಮಕ್ಕೆ ಕಚ್ಚಿಕೊಳ್ಳುತ್ತದೆ. ಕಡುಚಳಿಯ ಹಿಮಕ್ಕೆ ಗಟ್ಟಿ ಮೇಣ, ಸೊನ್ನೆ ಡಿಗ್ರಿಯ ಆಸುಪಾಸಿನ ಹಸಿ ಹಿಮಕ್ಕೆ ನೀರನ್ನು ದೂಡುವ ಮೆದು ಮೇಣ ಎಂಬ ರೂಢಿ ಬಂದದ್ದು ಇದರಿಂದಲೇ.

ಸ್ಕೀ ತಳ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್. ಅಂಚಿನ ಬಳಿ ಅದು ಬೆಳ್ಳಗೆ, ಒಣಗಿದಂತೆ ಕಂಡರೆ ಮೇಣ ಹಾಕುವ ಹೊತ್ತಾಯಿತು ಎಂದರ್ಥ. ತಳವನ್ನು ಒರೆಸಿ, ಇಸ್ತ್ರಿಗೆ ಮೇಣದ ಗಟ್ಟಿ ತಾಗಿಸಿ ಉದ್ದಕ್ಕೂ ತೊಟ್ಟಿಕ್ಕಿಸಿ, ಆಮೇಲೆ ಮೂತಿಯಿಂದ ಬಾಲದವರೆಗೆ ನಿಧಾನವಾಗಿ ಇಸ್ತ್ರಿ ಎಳೆಯಬೇಕು. ಕೈ ಎಲ್ಲೂ ನಿಲ್ಲಕೂಡದು: ಪಾಲಿಎಥಿಲೀನ್ ಸುಮಾರು 135 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಮೇಣ ಹೊಗೆಯಾಡಿದರೆ ಬಿಸಿ ಮಿತಿಮೀರಿದೆ. ಹಲಗೆಯ ಮೇಲ್ಭಾಗ ಅಂಗೈಗೆ ಬೆಚ್ಚಗೆ ತಾಗಿದರೆ ಸಾಕು.

ಪೂರ್ತಿ ಆರಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆದರೆ ಮೇಣ ಸುರುಳಿ ಸುರುಳಿಯಾಗಿ ಏಳುತ್ತದೆ. ಹಾಕಿದ್ದರಲ್ಲಿ ಬಹುಪಾಲು ಹೀಗೇ ಕೆಳಗೆ ಬೀಳುತ್ತದೆ. ಹೊಸಬರು ಮರುಗಿ ಇಲ್ಲಿಗೇ ಬಿಟ್ಟುಬಿಡುತ್ತಾರೆ, ಆದರೆ ಉಳಿಸಬಾರದು. ಬೇಕಾದದ್ದು ತಳದೊಳಕ್ಕೆ ಇಳಿದಾಗಿದೆ. ಮೇಲೆ ಉಳಿದದ್ದು ಜಾರಿಕೆಗೆ ತೊಡಕು. ಕೊನೆಗೆ ಬ್ರಷ್ಷಿನಿಂದ ಉಜ್ಜಿದರೆ ತಳದ ಸಣ್ಣ ಗೀರುಗಳು ತೆರೆದುಕೊಂಡು, ಹೆಚ್ಚಿನ ನೀರು ಹರಿದುಹೋಗಲು ದಾರಿ ಸಿಗುತ್ತದೆ.

ಉಕ್ಕಿನ ಅಂಚುಗಳ ಕೆಲಸ ಬೇರೆ: ತಿರುವಿನಲ್ಲಿ ಗಟ್ಟಿ ಹಿಮವನ್ನು ಹಿಡಿಯುವುದು. ಅರ ಹಾಕುವಾಗ ಕೋನ ಹಿಡಿದಿಡುವ ಗೈಡ್ ಇಲ್ಲದೆ ಕೈಯಳತೆಗೆ ಇಳಿಯಬೇಡಿ. ಸ್ಕೀ ಮುಗಿಸಿ ಬಂದೊಡನೆ ಒರೆಸಿಟ್ಟರೆ ತುಕ್ಕಿನ ಕಾಟ ಕಡಿಮೆ.

ಒಂದು ಮಾತು ಒತ್ತಿ ಹೇಳಬೇಕು. ಫ್ಲೋರಿನ್ ಬೆರೆತ ಮೇಣ ನೀರನ್ನು ಅದ್ಭುತವಾಗಿ ದೂಡುತ್ತದೆ, ನಿಜ. ಆದರೆ ಅದರಲ್ಲಿನ ರಾಸಾಯನಿಕಗಳು ಮಣ್ಣು-ನೀರಿನಲ್ಲಿ ಬಹುಕಾಲ ಅಳಿಯದೆ ಉಳಿಯುತ್ತವೆ, ಬಿಸಿ ಮಾಡಿದಾಗ ಏಳುವ ಹೊಗೆ ಶ್ವಾಸಕೋಶಕ್ಕೆ ಹಾನಿಕರ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023-24ರ ಋತುವಿನಿಂದ ಸ್ಪರ್ಧೆಗಳಲ್ಲಿ ಅದನ್ನು ನಿಷೇಧಿಸಿದೆ. ಅಂಥ ಮೇಣದ ಹಳೆಯ ಗಟ್ಟಿಯೇನಾದರೂ ಮನೆಯಲ್ಲಿ ಉಳಿದಿದ್ದರೆ ಇಸ್ತ್ರಿಯ ಹತ್ತಿರಕ್ಕೂ ತರಬೇಡಿ. ಸಾದಾ ಪ್ಯಾರಾಫಿನ್ ಮೇಣವನ್ನೇ ಬಳಸಿ, ಅದನ್ನೂ ಕಿಟಕಿ ತೆರೆದಿಟ್ಟೇ ಕಾಯಿಸಿ.