ನಿಶಾಂತ್ ದೇವ್: ಕರ್ನಾಟಕ ತಂಡದಿಂದ ಒಲಿಂಪಿಕ್ಸ್‌ವರೆಗೆ

ನಿಶಾಂತ್ ದೇವ್ ಅಮೆಚೂರ್ ಬಾಕ್ಸಿಂಗ್‌ನಲ್ಲಿ 71 ಕೆ.ಜಿ. ವಿಭಾಗದಲ್ಲಿ ಹೆಸರು ಮಾಡಿದ ಬಾಕ್ಸರ್. ಹುಟ್ಟಿದ್ದು 2000ರಲ್ಲಿ, ಹರಿಯಾಣದ ಕರ್ನಾಲ್‌ನಲ್ಲಿ. ರಾಷ್ಟ್ರೀಯ ಕೂಟಗಳಲ್ಲಿ ಆಡಿದ್ದು ಕರ್ನಾಟಕದ ಪರವಾಗಿ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ ಇರುವ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಅವರ ಆಟ ಪಳಗಿತು.

2021ರಲ್ಲಿ ಅದೇ ಅಂಗಳದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. ನಿಶಾಂತ್ ಚಿನ್ನ ಗೆದ್ದರು. ಅದೇ ವರ್ಷ ಬೆಲ್‌ಗ್ರೇಡ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕ್ವಾರ್ಟರ್‌ಫೈನಲ್ ತಲುಪಿದರು. 2022ರಲ್ಲಿ ಭುಜದ ಹಳೆಯ ಗಾಯಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಚೇತರಿಸಿಕೊಂಡು, 2023ರಲ್ಲಿ ತಾಷ್ಕೆಂಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು.

ಈ ಕೂಟಗಳೆಲ್ಲ ಅಮೆಚೂರ್ ಬಾಕ್ಸಿಂಗ್‌ನವು; ಅದರಲ್ಲಿ ತಲಾ ಮೂರು ನಿಮಿಷದ ಮೂರು ಸುತ್ತುಗಳು. ಐವರು ತೀರ್ಪುಗಾರರಲ್ಲಿ ಪ್ರತಿಯೊಬ್ಬರೂ ಸುತ್ತು ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9 ಅಂಕ ಕೊಡುತ್ತಾರೆ. ಹೆಚ್ಚು ತೀರ್ಪುಗಾರರ ಒಲವು ಪಡೆದವರೇ ವಿಜೇತರು. ಹೀಗಾಗಿ ಬರೀ ಬಲ ಸಾಲದು. ನಿಖರವಾದ ಏಟು, ಕಾಲ್ಚಳಕ, ಕೊನೆಯ ಸುತ್ತಿನವರೆಗೂ ಉಳಿಯುವ ದಮ್ಮು ಬೇಕು.

2024ರ ಮಾರ್ಚ್‌ನಲ್ಲಿ ಇಟಲಿಯಲ್ಲಿ ಒಲಿಂಪಿಕ್ಸ್ ಅರ್ಹತೆ ಕೈತಪ್ಪಿತು. ಬ್ಯಾಂಕಾಕ್‌ನ ಮುಂದಿನ ಅರ್ಹತಾ ಕೂಟದಲ್ಲಿ ಅದು ದಕ್ಕಿತು: ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹರಾದ ಭಾರತದ ಮೊದಲ ಪುರುಷ ಬಾಕ್ಸರ್ ಅವರೇ. ಪ್ಯಾರಿಸ್‌ನಲ್ಲಿ ಈಕ್ವೆಡಾರ್‌ನ ಎದುರಾಳಿಯನ್ನು 3-2ರಿಂದ ಮಣಿಸಿದರು. ಕ್ವಾರ್ಟರ್‌ಫೈನಲ್‌ನಲ್ಲಿ ಮೆಕ್ಸಿಕೊದ ಮಾರ್ಕೊ ವೆರ್ಡೆಗೆ 1-4ರಿಂದ ಸೋತರು. ವೆರ್ಡೆ ಮುಂದೆ ಬೆಳ್ಳಿ ಗೆದ್ದರು. ಇನ್ನೊಂದು ಗೆಲುವು ಸಿಕ್ಕಿದ್ದರೆ ನಿಶಾಂತ್‌ಗೆ ಪದಕ ಖಚಿತವಾಗುತ್ತಿತ್ತು.

2025ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಅವರು ವೃತ್ತಿಪರ ಬಾಕ್ಸಿಂಗ್‌ಗೆ ಕಾಲಿಟ್ಟು, ಮೊದಲ ಪಂದ್ಯವನ್ನು ಮೊದಲ ಸುತ್ತಿನಲ್ಲೇ ಗೆದ್ದರು.

ಕರ್ನಾಟಕದ ಸಣ್ಣ ಊರುಗಳಾದ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಮಕ್ಕಳಿಗೂ ಬಾಕ್ಸಿಂಗ್‌ನಲ್ಲಿ ಮುಂದೆ ಬರುವ ದಾರಿ ಇದೇ: ಒಳ್ಳೆಯ ತರಬೇತಿ, ರಾಜ್ಯ ತಂಡದಲ್ಲಿ ಸ್ಥಾನ, ರಾಷ್ಟ್ರೀಯ ಪದಕ, ಆಮೇಲೆ ಭಾರತ ತಂಡ.